ನಮ್ಮ ಹಲಗೆಗೂ ಜಗಳ ಆಡೋ ಅಭಿಮಾನಿಗಳು ಬೇಕು



ಪೋಸ್ಟ್ ಉದ್ದ ಐತಿ, ಮೊದಲೇ ಹೇಳಿಬಿಡ್ತೀನಿ. ಚಹಾ ಕುಡೀತಾ ಓದ್ರಿ. ಅರ್ಧಕ್ಕೆ ಬಿಟ್ಟು ಬೈಯೋರು ದಯವಿಟ್ಟು ಪೂರ್ತಿ ಓದಿ ಬೈರಿ.

ಹೋದ ವಾರ ನಮ್ಮಕ್ಕನ ಮಗ ಬೆಂಗಳೂರಿಂದ ಬಂದಿದ್ದ. ಕಂಪನಿ ಕೆಲಸ, ಜೊತೆಗೆ ಎರಡು ವರ್ಷದಿಂದ ಗಿಟಾರ್ ಕಲೀತಾ ಇದ್ದಾನೆ. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ಫೋನ್ ಹಿಡಿದು ಪಕ್ಕಕ್ಕೆ ಬಂದು ಕೂತ. "ಮಾಮಾ, ಐದೇ ನಿಮಿಷ ಇದನ್ನ ಕೇಳು." ನಮ್ಮ ಕೌಲ್ ಬಜಾರ್ ನಿಮಗೆ ಗೊತ್ತಲ್ಲ, ಭಾನುವಾರ ಅಂದ್ರೂ ಜೀನ್ಸ್ ಹೊಲಿಯೋ ಮಷಿನ್ ಸದ್ದು ನಿಲ್ಲಲ್ಲ. ಬಾಗಿಲು ಹಾಕಿ ಕೇಳಿದೆ. ಅಮೆರಿಕದ ಯಾವುದೋ ಊರಿನ ವೇದಿಕೆ. ಐದು ಜನ, ನಡುವೆ ಒಂದೇ ಮೈಕು. ಗಿಟಾರು, ಪಿಟೀಲು, ಬ್ಯಾಂಜೊ, ಮ್ಯಾಂಡೋಲಿನ್, ಮನುಷ್ಯನಷ್ಟೇ ಎತ್ತರದ ಒಂದು ದೊಡ್ಡ ಪಿಟೀಲು. ತನ್ನ ಸರದಿ ಬಂದೋನು ಮೈಕಿನ ಹತ್ರ ಬಂದು ನುಡಿಸ್ತಾನೆ, ಮುಗಿದ ಕೂಡಲೇ ಪಕ್ಕಕ್ಕೆ ಸರಿದು ಮುಂದಿನವನಿಗೆ ಜಾಗ ಕೊಡ್ತಾನೆ. ಬ್ಲೂಗ್ರಾಸ್ ಅಂತಾರಂತೆ ಇದಕ್ಕೆ. ಕೆಂಟಕಿ ಅನ್ನೋ ರಾಜ್ಯದ ಅಡ್ಡಹೆಸರಿಂದ ಬಂದ ಹೆಸರು.

ವೇಗ ಅಂದ್ರೆ ವೇಗ. ಕಾಲು ತಾನಾಗೇ ತಾಳ ಹಾಕ್ತಿತ್ತು. ನಾನು ಕೇಳಿದ ಮೊದಲ ಪ್ರಶ್ನೆ: "ಡ್ರಮ್ ಎಲ್ಲೈತಿ?"

"ಡ್ರಮ್ಮೇ ಇಲ್ಲ ಮಾಮಾ."

ನಿಜಕ್ಕೂ ಇಲ್ಲ. ಮ್ಯಾಂಡೋಲಿನ್ ನುಡಿಸೋನು ತಂತಿಗಳನ್ನ ಒಟ್ಟಿಗೆ 'ಚಕ್' ಅಂತ ಹೊಡೆದು ಅಲ್ಲೇ ಅದುಮಿಬಿಡ್ತಾನೆ. ಅದೇ ಪೆಟ್ಟು, ಅದೇ ಡ್ರಮ್. 1960ರ ದಶಕದಲ್ಲಿ ಪಿಟೀಲಿನವರೂ ಕಮಾನನ್ನ ತಂತಿ ಮೇಲೆ ಕಡಿದಂಗ ಹೊಡೆಯೋದು ಕಲಿತರಂತೆ. ಪಿಟೀಲನ್ನೇ ಹಲಗೆ ಮಾಡಿಕೊಂಡರು ಅನ್ನಿ.

ಇಷ್ಟೇ ಆಗಿದ್ರೆ ಈ ಪೋಸ್ಟ್ ಬರೀತಿರಲಿಲ್ಲ. ಆಮೇಲೆ ಅವನ ಗೆಳೆಯನೊಬ್ಬ ವಿಡಿಯೋ ಕಾಲ್‌ಗೆ ಬಂದ. ಇಬ್ಬರಿಗೂ ಜಗಳ ಹತ್ತಿತು. ಆ ವಿಡಿಯೋದಾಗ ಮೇಲುಗೈ ಯಾರದು, ಗಿಟಾರಿನವಂದಾ ಪಿಟೀಲಿನವಂದಾ? ಒಂದು ಗಂಟೆ ನಡೀತು. ನಮ್ಮವನ ವಾದ: ಪಿಟೀಲಿಗೆ ಕಮಾನು ಐತಿ, ಸ್ವರ ಎಷ್ಟು ಹೊತ್ತು ಬೇಕಾದ್ರೂ ಎಳೀಬಹುದು, ಸದ್ದೂ ದೊಡ್ಡದು. ಗಿಟಾರಿನವನಿಗೆ ಬೆರಳ ತುದೀಲಿ ಒಂದು ಸಣ್ಣ ಚಿಪ್ಪು, ಅದರಲ್ಲೇ ಕೆಳಗೆ ಮೇಲೆ ಕೆಳಗೆ ಮೇಲೆ ಒಂದೊಂದು ಸ್ವರವನ್ನೂ ಕುಟ್ಟಿ ತೆಗೀಬೇಕು, ಹಂಗಾಗಿ ಅವನದೇ ದೊಡ್ಡದು. ಗೆಳೆಯನ ವಾದ: ಗಿಟಾರಿನ ಸರದಿ ಬಂದಾಗ ಉಳಿದ ನಾಲ್ಕೂ ಜನ ಸದ್ದು ತಗ್ಗಿಸ್ತಾರೆ, ಅವನಿಗೆ ದಾರಿ ಬಿಡ್ತಾರೆ. ಪಿಟೀಲಿನವನಿಗೆ ಆ ದಯೆ ಇಲ್ಲ, ಎಲ್ಲರ ಗದ್ದಲದ ಮೇಲೆ ಏರಿ ನಿಲ್ಲಬೇಕು. ಅದೂ ಅಲ್ದೆ ಪಿಟೀಲಿಗೆ ಗಿಟಾರಿನಂಗ ಮನೆ ಕಟ್ಟಿರಲ್ಲ, ಬೆರಳು ಕೂದಲೆಳೆ ಜರುಗಿದ್ರೂ ಅಪಸ್ವರ. ಟೋನಿ ರೈಸ್ ಅಂತ ಒಬ್ಬ ಗಿಟಾರಿಸ್ಟ್ 2020ರ ಕ್ರಿಸ್‌ಮಸ್ ದಿನ ತೀರಿಕೊಂಡರಂತೆ. ಅವರ ನಂತರ ಯಾರು ಅನ್ನೋ ಮಾತು ಬಂತು. ಹುಟ್ಟುಕುರುಡರಾದ ಪಿಟೀಲಿನ ಮೈಕೆಲ್ ಕ್ಲೀವ್‌ಲ್ಯಾಂಡ್ ಹೆಸರು ಬಂತು. "ಸ್ಟುಡಿಯೋದಾಗ ಯಾರ್ ಬೇಕಾದ್ರೂ ನುಡಿಸ್ತಾರೆ, ಜನರ ಮುಂದೆ ನುಡಿಸಿದ್ದೇ ಲೆಕ್ಕ" ಅಂತ ಇಬ್ಬರೂ ಒಂದು ಮಾತಿಗೆ ಮಾತ್ರ ಒಪ್ಪಿದರು. ನಮ್ಮಕ್ಕ ಅಡುಗೆಮನೆಯಿಂದ ಕೂಗಿದಳು: "ಸಾಕ್ರೋ, ಎಷ್ಟೊತ್ತು ಪಿಟೀಲು ಕುಯ್ತೀರಿ!"

ನಾನು ಮಾತ್ರ ಸುಮ್ಮನೆ ಕೂತು ಕೇಳಿದೆ. ನನಗೆ ಬ್ಲೂಗ್ರಾಸ್ ಗೊತ್ತಿಲ್ಲ, ಸ್ವರ ಗೊತ್ತಿಲ್ಲ. ಆದ್ರೆ ಒಂದು ವಿಷಯ ಎದೆಗೆ ಚುಚ್ಚಿತು. ಸಾವಿರಾರು ಮೈಲಿ ಆಚೆ ಇರೋ ಒಬ್ಬನ ಮುಂಗೈ ಹೆಂಗ ತಿರುಗ್ತು, ಎಷ್ಟನೇ ಸುತ್ತಿನಲ್ಲಿ ಏನು ಬದಲು ಮಾಡಿದ ಅಂತ ಇಬ್ಬರು ಹುಡುಗರು ಒಂದು ಗಂಟೆ ಜಗಳ ಆಡ್ತಾರೆ. ನಮ್ಮ ಹಲಗೆಯವರ ಕೈ ಬಗ್ಗೆ ಹಿಂಗ ಯಾರಾದ್ರೂ ಐದು ನಿಮಿಷ ಜಗಳ ಆಡಿದ್ದು ನೀವು ಕೇಳೀರಾ?

ನಾನಂತೂ ಕೇಳಿಲ್ಲ. ನಾನು ಕೇಳಿರೋದು ಎರಡೇ ಮಾತು. ಒಂದು, "ಏಯ್ ಬಾರಿಸ್ರಲೇ". ಇನ್ನೊಂದು, ಸಭೆ ಉದ್ಘಾಟನೆ ಮಾಡೋರು ಹೇಳೋ "ಇಂಥ ಜಾನಪದ ಕಲೆಗಳನ್ನು ಉಳಿಸಿ ಬೆಳೆಸಬೇಕು". ಮೊದಲನೇ ಮಾತಿನಲ್ಲಿ ಜಾತಿ ಕಾಣ್ತದೆ. ಎರಡನೇದರಲ್ಲಿ ಕಾಣಲ್ಲ, ಅಷ್ಟೇ ವ್ಯತ್ಯಾಸ. ಎರಡರಲ್ಲೂ ಬಾರಿಸೋನ ಹೆಸರಿಲ್ಲ. ಒಂದು ಕಾರ್ಯಕ್ರಮದ ಆಹ್ವಾನ ಪತ್ರಿಕೆ ಕರಡು ತಿದ್ದೋ ಕೆಲಸ ನನಗೇ ಬಂದಿತ್ತು. ಗುಮಾಸ್ತ ಅಂದ್ಮೇಲೆ ಅದೆಲ್ಲ ನಮ್ಮ ಟೇಬಲ್ಲಿಗೇ ಬರ್ತದೆ. ಸುಗಮ ಸಂಗೀತದವರ ಹೆಸರು, ತಬಲಾದವರ ಹೆಸರು, ಹಾರ್ಮೋನಿಯಂನವರ ಹೆಸರು, ಎಲ್ಲಾ ಇತ್ತು. ಕೊನೇಲಿ "ಹಲಗೆ ವಾದನ: ತಂಡದಿಂದ". ಹೆಸರು ಸೇರಿಸಿ ಮೇಲಕ್ಕೆ ಕಳಿಸಿದೆ. ಜಾಗ ಸಾಲಲ್ಲ ಅಂತ ಹೊಡೆದು ವಾಪಸ್ ಬಂತು.

ಈಗ ಆ ಬ್ಲೂಗ್ರಾಸ್ ಕತೆಗೆ ವಾಪಸ್ ಬರ್ತೀನಿ. ಹುಡುಗ ಹೋದಮೇಲೆ ಮೂರು ರಾತ್ರಿ ಅದನ್ನೇ ಹುಡುಕಿ ಓದಿದೆ.

ಈ ಸಂಗೀತದ ಪಿತಾಮಹ ಅಂತ ಕರೆಯೋದು ಬಿಲ್ ಮನ್ರೋ ಅವರನ್ನ. 1911ರಲ್ಲಿ ಕೆಂಟಕಿಯ ರೋಸೀನ್ ಅನ್ನೋ ಹಳ್ಳೀಲಿ ಹುಟ್ಟಿದ ಬಿಳಿಯ. ಸಣ್ಣ ವಯಸ್ಸಿಗೇ ತಾಯಿ ತಂದೆ ಇಬ್ಬರೂ ತೀರಿಕೊಂಡು, ಸೋದರಮಾವನ ಮನೇಲಿ ಬೆಳೆದರು. ಮಾವ ಪಿಟೀಲು ನುಡಿಸೋರು. ಆ ಮಾವನ ಹೆಸರಲ್ಲೇ ಮನ್ರೋ ಹಾಡು ಕಟ್ಟಿದ್ದಾರೆ, ಇವತ್ತಿಗೂ ಆ ಹಾಡಿಲ್ಲದೆ ಬ್ಲೂಗ್ರಾಸ್ ಕಚೇರಿ ನಡೆಯೋದು ಅಪರೂಪವಂತೆ. ಸಂತೋಷ. (ನನ್ನ ಅಳಿಯನಿಗೂ ಇದನ್ನ ಓದಿ ಹೇಳಿದೀನಿ, ಮಾವನ ಹೆಸರು ನೆನಪಿಟ್ಟುಕೋ ಅಂತ.)

ಆದ್ರೆ ಮನ್ರೋಗೆ ಇನ್ನೊಬ್ಬ ಗುರು ಇದ್ದರು. ಆರ್ನಾಲ್ಡ್ ಶುಲ್ಟ್ಸ್. ಕಪ್ಪು ಮನುಷ್ಯ. 1886ರಲ್ಲಿ ಹುಟ್ಟಿದ್ದು. ಅವರಪ್ಪ ಗುಲಾಮಗಿರಿಯಲ್ಲಿ ಹುಟ್ಟಿದವರು. ಶುಲ್ಟ್ಸ್ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಗಣಿ ಅಂದ್ರೆ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಿಟಾರೂ ನುಡಿಸ್ತಿದ್ದರು, ಪಿಟೀಲೂ ನುಡಿಸ್ತಿದ್ದರು. ಅಂದ್ರೆ ನಮ್ಮ ಹುಡುಗರು ಯಾವುದು ಮೇಲು ಅಂತ ಕಿತ್ತಾಡಿದ ಎರಡೂ ವಾದ್ಯ ಒಬ್ಬನೇ ಕಪ್ಪು ಕೂಲಿಯ ಕೈಲಿತ್ತು! ಊರಿನ ಕುಣಿತದ ರಾತ್ರಿಗಳಲ್ಲಿ ಶುಲ್ಟ್ಸ್ ಪಿಟೀಲು ಹಿಡಿದಾಗ ಪಕ್ಕದಲ್ಲಿ ಗಿಟಾರ್ ಹಿಡಿದು ಸಾಥ್ ಕೊಟ್ಟಿದ್ದು ಹುಡುಗ ಬಿಲ್ ಮನ್ರೋ. ಇದನ್ನ ಮನ್ರೋ ಅವರೇ ಹೇಳಿಕೊಂಡಿದ್ದಾರೆ, ಮುಚ್ಚಿಟ್ಟಿಲ್ಲ, ಅದಕ್ಕೆ ಒಂದು ಸಲಾಂ. ಶುಲ್ಟ್ಸ್ ಹೆಬ್ಬೆರಳಲ್ಲಿ ನುಡಿಸ್ತಿದ್ದ ಗಿಟಾರ್ ಶೈಲಿ ಅವರಿಂದ ಒಬ್ಬರಿಗೆ, ಅವರಿಂದ ಇನ್ನೊಬ್ಬರಿಗೆ ದಾಟಿ ಕೊನೆಗೆ ಮರ್ಲ್ ಟ್ರಾವಿಸ್ ಅನ್ನೋ ಬಿಳಿ ಗಿಟಾರಿಸ್ಟಿಗೆ ಬಂತು. ಇವತ್ತು ಜಗತ್ತಿನ ತುಂಬ ಅದಕ್ಕೆ 'ಟ್ರಾವಿಸ್ ಪಿಕಿಂಗ್' ಅಂತಾನೇ ಹೆಸರು.

1931ರಲ್ಲಿ ಶುಲ್ಟ್ಸ್ ತೀರಿಕೊಂಡರು. ಅವರು ನುಡಿಸಿದ್ದರ ಒಂದೇ ಒಂದು ಧ್ವನಿಮುದ್ರಣ ಇಲ್ಲ. ಒಂದೂ ಇಲ್ಲ.

ಈ ಸಾಲು ಓದಿದಾಗ ನನಗೆ ನಮ್ಮಪ್ಪ ನೆನಪಾದ. ಅದನ್ನ ಆಮೇಲೆ ಹೇಳ್ತೀನಿ.

ಬ್ಯಾಂಜೊದ ಕತೆ ಇನ್ನೂ ಮಜಾ ಐತಿ. ಬಿಳಿಯರ ಹಳ್ಳಿ ವಾದ್ಯ ಅಂತ ಲೋಕ ನಂಬಿದೆ. ಹುಟ್ಟು ನೋಡಿದ್ರೆ ಆಫ್ರಿಕಾದ್ದು. ಗುಲಾಮರಾಗಿ ಹಡಗಿನಲ್ಲಿ ತಂದ ಜನ ಸೋರೆಬುರುಡೆಗೆ ಚರ್ಮ ಬಿಗಿದು, ತಂತಿ ಎಳೆದು ಮಾಡಿಕೊಂಡದ್ದು. ಚರ್ಮ ಪ್ಲಸ್ ತಂತಿ! ನಮ್ಮ ಚೌಡಿಕೆ ನೋಡ್ರಿ, ಅದೂ ಅದೇ ಅಲ್ವಾ? 1920ರ ದಶಕದಲ್ಲಿ ಅಲ್ಲಿನ ರೆಕಾರ್ಡ್ ಕಂಪನಿಗಳು ಒಂದೇ ಊರಿನ ಒಂದೇ ಥರದ ಹಾಡನ್ನ ಎರಡು ಪಟ್ಟಿ ಮಾಡಿ ಮಾರಿದವು. ಬಿಳಿಯರು ನುಡಿಸಿದ್ರೆ ಒಂದು ಹೆಸರು, ಕಪ್ಪು ಜನ ನುಡಿಸಿದ್ರೆ ಇನ್ನೊಂದು. ಊರು, ಕೇರಿ. ಅಷ್ಟೇ. ಇದನ್ನೆಲ್ಲ ರಿಯಾನನ್ ಗಿಡ್ಡೆನ್ಸ್ ಅನ್ನೋ ಕಪ್ಪು ಕಲಾವಿದೆ 2017ರಲ್ಲಿ ಬ್ಲೂಗ್ರಾಸ್‌ನವರ ಅಂತರರಾಷ್ಟ್ರೀಯ ಸಂಸ್ಥೆಯ ಸಮ್ಮೇಳನದಲ್ಲೇ ನಿಂತು, ಮುಖ್ಯ ಭಾಷಣದಲ್ಲಿ ಹೇಳಿದರು. ಬ್ಯಾಂಜೊ, ಪಿಟೀಲು ಎರಡನ್ನೂ ನುಡಿಸ್ತಾರೆ ಆಯಮ್ಮ. ಜೋ ಥಾಂಪ್ಸನ್ ಅಂತ ಎಂಬತ್ತು ದಾಟಿದ ಕಪ್ಪು ಪಿಟೀಲುಗಾರರ ಮನೆಗೆ ಹೋಗಿ, ಎದುರು ಕೂತು ಕಲಿತವರು.

ಡ್ರಮ್ ಇಲ್ಲ ಅಂದ್ನಲ್ಲ, ಅದರ ಬೆನ್ನು ಹತ್ತಿ ಹೋದಾಗ ಇನ್ನೊಂದು ಸಿಕ್ಕಿತು. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ಡ್ರಮ್ ಬಾರಿಸ್ತಾ ದಂಗೆ ಎದ್ದರು. ಮರುವರ್ಷ 1740ರಲ್ಲಿ ಕಾನೂನು ಬಂತು: ಗುಲಾಮರು ಡ್ರಮ್ ಬಾರಿಸಂಗಿಲ್ಲ, ಕೊಂಬು ಊದಂಗಿಲ್ಲ. ಅದಕ್ಕೇ ಬ್ಲೂಗ್ರಾಸ್‌ನಲ್ಲಿ ಡ್ರಮ್ ಇಲ್ಲ ಅಂತ ನಾನು ಹೇಳ್ತಿಲ್ಲ, ಅದು ಇನ್ನೂರು ವರ್ಷ ಆಮೇಲಿನ ಸಂಗೀತ. ನಾನು ಹೇಳೋದು ಬೇರೆ. ಅಲ್ಲಿ ಒಡೆಯರು ನಮ್ಮಂಥವರ ಕೈಯಿಂದ ಡೋಲು ಕಿತ್ತುಕೊಂಡರು. ಇಲ್ಲಿ ಒಡೆಯರು ನಮ್ಮ ಕೊರಳಿಗೆ ಹಲಗೆ ಕಟ್ಟಿದರು. ಅಲ್ಲಿ ಬಾರಿಸಿದ್ರೆ ಶಿಕ್ಷೆ, ಇಲ್ಲಿ ಬಾರಿಸದಿದ್ರೆ ಶಿಕ್ಷೆ. ಹಾಗಾಗಿ ಅವರ ದಾರಿ ಹಿಡಿದು "ನಮ್ಮ ವಾದ್ಯ ನಮಗೆ ಬೇಕು" ಅಂತ ನಾವು ಸಲೀಸಾಗಿ ಹೇಳಕ್ಕಾಗಲ್ಲ. ನಮ್ಮದು ಗಂಟು ಜಾಸ್ತಿ.

ಈ ಗಂಟು ಮೊನ್ನೆ ನಮ್ಮ ಮೀಟಿಂಗ್‌ನಲ್ಲೂ ಬಿಚ್ಚಿಕೊಂಡಿತು. ಮೆರವಣಿಗೆಗೆ ಡಿಜೆ ಬೇಡ, ಹಲಗೆ ತರೋಣ, ಕೇರಿ ಹುಡುಗರಿಗೇ ಕಲಿಸೋಣ ಅಂತ ನಾನು ಅಂದೆ. ಹಿರಿಯ ಅಣ್ಣಾವ್ರು ಒಬ್ರು, ನಾವೆಲ್ಲ ಯಾರ ಕೈ ಹಿಡಿದು ಚಳವಳಿಗೆ ಬಂದೆವೋ ಅವರೇ, ಎದ್ದು ನಿಂತರು. "ತಮ್ಮಾ, ಹೆಣದ ಮುಂದೆ ಬಾರಿಸಲ್ಲ, ಜಾತ್ರೆಗೆ ಬಾರಿಸಲ್ಲ, ಡಂಗುರ ಹೊಡೆಯಲ್ಲ ಅಂತ ಹೇಳಿದ್ದಕ್ಕೆ ನಮ್ಮವರು ಬಹಿಷ್ಕಾರ ತಿಂದಾರ. ಕಿರಾಣಿ ಅಂಗಡೀಲಿ ಉಪ್ಪು ಸಿಕ್ಕಿಲ್ಲ. ನಿಮ್ಮಪ್ಪ ಇಳಿಸಿದ್ದನ್ನ ನೀನು ಸ್ಟೇಜ್ ಮೇಲೆ ಹತ್ತಿಸ್ತೀಯೇನು?" ಅಂದರು. ಸಭೆ ಸುಮ್ಮನಾಯ್ತು. ನಾನೂ ಸುಮ್ಮನಾದೆ. ಯಾಕಂದ್ರೆ ಅವರು ಹೇಳಿದ್ದು ಸುಳ್ಳಲ್ಲ.

ನಮ್ಮಪ್ಪ ಸಿರುಗುಪ್ಪ ಕಡೆ ಹಳ್ಳಿಯವನು. ಹಲಗೆ ಬಾರಿಸೋನು. ಒಂದು ರಾತ್ರಿ ಜ್ವರ ಬಂದು ಮಲಗಿದ್ದಾಗ ಊರ ದೊಡ್ಡವರ ಮನೇಲಿ ಸಾವಾಯ್ತು, ಕರೆ ಬಂತು. ಬರಲ್ಲ ಅಂದ. ಎರಡನೇ ಸಲ ಬಂದವರು ಕರೆಯಕ್ಕೆ ಬಂದಿರಲಿಲ್ಲ, ಎಳೆಯಕ್ಕೆ ಬಂದಿದ್ದರು. ಅದಾಗಿ ಹದಿನೈದು ದಿನಕ್ಕೆ ನಮ್ಮನ್ನೆಲ್ಲ ಕಟ್ಟಿಕೊಂಡು ಬಳ್ಳಾರಿಗೆ ಬಂದ, ಹಮಾಲಿ ಮಾಡಿದ, ನನ್ನನ್ನ ಬಿಎ ಓದಿಸಿದ. ಹಲಗೆ ಮತ್ತೆ ಮುಟ್ಟಲಿಲ್ಲ. ಕೌಲ್ ಬಜಾರ್‌ನಲ್ಲಿ ಮೊಹರಂ ಬಂದಾಗ ಅಲಾಯಿ ಕುಣಿಗೆ ಹಲಗೆ ಶುರುವಾದ್ರೆ ಹೊರಗೆ ಬರ್ತಿರಲಿಲ್ಲ. ಆದ್ರೆ ಮಂಚದ ಪಟ್ಟಿ ಮೇಲೆ ಅವನ ಬೆರಳು ಆಡ್ತಿದ್ದವು, ಅದನ್ನ ನಾನು ನೋಡೀನಿ. ತಾನು ಸತ್ತಾಗ ಹಲಗೆ ಬ್ಯಾಡ ಅಂತ ಹೇಳಿದ್ದ. ಬುದ್ಧವಂದನೆ ಹೇಳಿ ಮಣ್ಣು ಮಾಡಿದೆವು.

ಹಾಗಾದ್ರೆ ನಾನು ಯಾಕೆ ಈ ಮಾತು ಎತ್ತಿದೆ?

ಯಾಕಂದ್ರೆ ಅಪ್ಪ ಬಿಟ್ಟಿದ್ದು ಚಾಕರಿ. ಬಾರಿಸೋ ಕೈಯನ್ನಲ್ಲ. ಎರಡನ್ನೂ ಸೇರಿಸಿ ಕಟ್ಟಿದ್ದು ಅವರು, ಬೇರೆ ಮಾಡೋ ಕೆಲಸ ನಮ್ಮದು. ತಮಿಳುನಾಡಿನವರು ಪರೈ ವಾದ್ಯದ ವಿಷಯದಲ್ಲಿ ಈ ಜಗಳವನ್ನ ನಮಗಿಂತ ಮೊದಲೇ ಆಡಿ ಮುಗಿಸಿ ಮುಂದೆ ಹೋಗ್ಯಾರ. ಪಾ. ರಂಜಿತ್ ಬೆಂಬಲದಿಂದ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿಯಲ್ಲಿ ಚೆನ್ನೈನಲ್ಲಿ ಮೊದಲ ಸಲ ವೇದಿಕೆ ಏರಿದಾಗ ಗಿಟಾರಿನ ಪಕ್ಕದಲ್ಲೇ ನಮ್ಮ ಜನರ ಚರ್ಮವಾದ್ಯ ಇತ್ತು, ಹಿಂದೆ ಅಲ್ಲ. ನಮ್ಮಲ್ಲೂ 2023ರಲ್ಲಿ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ ಪದ್ಮಶ್ರೀ ಬಂತು. ಎಲ್ಲರೂ ಅಭಿನಂದನೆಯ ಪೋಸ್ಟ್ ಹಾಕಿದೆವು, ನಾನೂ ಹಾಕಿದೆ. ಅವರ ತಮಟೆಯಲ್ಲಿ ಏನು ವಿಶೇಷ, ಯಾವ ಪೆಟ್ಟು ಅವರದೇ, ಬಯಲುಸೀಮೆಯ ತಮಟೆಗೂ ನಮ್ಮ ಕಡೆ ಹಲಗೆಗೂ ನಡೆ ಹೆಂಗ ಬೇರೆ, ಅಂತ ಬರೆದ ಒಂದು ಪೋಸ್ಟ್ ನನ್ನ ಕಣ್ಣಿಗೆ ಬೀಳಲಿಲ್ಲ. ನಾನೂ ಬರೀಲಿಲ್ಲ. ನಮಗೆ ಕಿವಿ ಇರಲಿಲ್ಲ, ಬರೀ ಹೆಮ್ಮೆ ಇತ್ತು.

ನಮ್ಮ ಜಿಲ್ಲೆಯ ಬುರ್ರಕಥಾ ಈರಮ್ಮನವರನ್ನೇ ತಗೊಳ್ಳಿ. ದರೋಜಿಯ ಅಲೆಮಾರಿ ಬುಡ್ಗ ಜಂಗಮ ಹೆಣ್ಣುಮಗಳು. ಅಕ್ಷರ ಬಾರದು, ಹನ್ನೆರಡು ಮಹಾಕಾವ್ಯ ಬಾಯಲ್ಲಿತ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಬಗ್ಗೆ ಮಾತಾಡೋರೆಲ್ಲ ಬರೆದಿಳಿಸಿದ ಕಾವ್ಯ ಎಷ್ಟು ಸಾವಿರ ಪುಟ ಆಯ್ತು ಅಂತ ಹೇಳ್ತಾರೆ. ಸರಿ, ದೊಡ್ಡದೇ. ಆದ್ರೆ ಆಯಮ್ಮ ಕೈಲಿ ತಂಬೂರಿ ಹಿಡಿದು ಹೆಜ್ಜೆ ಹಾಕ್ತಾ ಕತೆ ಕಟ್ಟೋವಾಗ, ಪಕ್ಕದಲ್ಲಿ ಬುರ್ರ ನುಡಿಸೋ ಹೆಣ್ಣುಮಕ್ಕಳು ಯಾವ ಜಾಗದಲ್ಲಿ ಪೆಟ್ಟು ಬಿಗಿ ಮಾಡಿ ಕತೆ ಏರಿಸ್ತಿದ್ದರು? ಅದು ಪುಟದಲ್ಲಿ ಬರಲ್ಲ. ಅದನ್ನ ಕೇಳಿ, ಇವತ್ತು ಹಿಂಗ ಮಾಡಿದರು, ಮೊನ್ನೆ ಇನ್ನೂ ಚೆನ್ನಾಗಿತ್ತು ಅಂತ ಕಟ್ಟೆ ಮೇಲೆ ಕೂತು ವಾದ ಮಾಡೋ ಅಭಿಮಾನಿ ಬೇಕಿತ್ತು. ಚೌಡಿಕೆಗೂ ಅಷ್ಟೇ. ಮಂಜಮ್ಮ ಜೋಗತಿ ಅವರು ಪದ್ಮಶ್ರೀ ತಗೊಳ್ಳೋವಾಗ ರಾಷ್ಟ್ರಪತಿಗಳಿಗೆ ಸೆರಗು ನಿವಾಳಿಸಿದ ವಿಡಿಯೋ ದೇಶ ನೋಡಿತು. ಜೋಗತಿಯರ ಕೈಲಿರೋ ಚೌಡಿಕೆಯ ಆ ಒಂದೇ ತಂತಿಯ ಮೇಲೆ ಎಷ್ಟು ಆಟ ಐತಿ ಅಂತ ಎಷ್ಟು ಜನ ಕೇಳಿದರು? ಚೌಡಿಕೆ ಅಂದ ಕೂಡಲೇ ಮುತ್ತು ಕಟ್ಟೋ ಅನಿಷ್ಟ ನೆನಪಾಗಿ ನನಗೂ ಮೈ ಉರೀತದೆ. 1982ರ ಕಾಯ್ದೆ ಬಂದಮೇಲೂ ಎಷ್ಟು ಹೋರಾಟ ಮಾಡಬೇಕಾಯ್ತು ಅಂತ ನಿಮಗೆ ಗೊತ್ತು. ತಪ್ಪು ತಂತಿಯದಲ್ಲ.

ಇನ್ನೊಂದು ಕಡೆ ನೋಡ್ರಿ. ಮೃದಂಗಕ್ಕೆ ಆಕಳು, ಮೇಕೆ, ಎಮ್ಮೆ ಚರ್ಮ ಹದ ಮಾಡಿ ಬಿಗಿಯೋರು ದಲಿತ ಕ್ರೈಸ್ತರು. ಟಿ.ಎಂ. ಕೃಷ್ಣ ಆ ಕುಟುಂಬಗಳ ಬಗ್ಗೆ 'ಸೆಬಾಸ್ಟಿಯನ್ ಅಂಡ್ ಸನ್ಸ್' ಬರೆದರು. 2020ರಲ್ಲಿ ಬಿಡುಗಡೆಗೆ ಒಪ್ಪಿದ್ದ ಕಲಾಕ್ಷೇತ್ರ ಆಮೇಲೆ ಜಾಗ ಕೊಡಲ್ಲ ಅಂತು. ಬೆಂಗಳೂರಲ್ಲಿ ಪಿಟೀಲು ವಿದ್ವಾಂಸ ಚೌಡಯ್ಯನವರ ಹೆಸರಲ್ಲಿ ಪಿಟೀಲಿನ ಆಕಾರದ್ದೇ ಒಂದು ಭವನ ಐತಿ, ಚಂದ ಐತಿ. ಹಲಗೆ ಆಕಾರದ್ದು ಕಟ್ಟೋದು ಇನ್ನೂ ಸುಲಭ, ದುಂಡಗೆ ಗೋಡೆ ಎಬ್ಬಿಸಿದ್ರೆ ಆಯ್ತು. ಯಾರಿಗೂ ಹೊಳೆದಿಲ್ಲ ಅಷ್ಟೇ!

ಈಗ ನಮ್ಮಲ್ಲೇ ಒಂದು ಜಗಳ ಸಣ್ಣಗೆ ಹೊಗೆಯಾಡ್ತಿದೆ: ಚರ್ಮದ ಹಲಗೆಯಾ, ಫೈಬರ್ ಹಲಗೆಯಾ? ಫೈಬರ್ ಹಗುರ, ಮಳೆಗೆ ನೆನೆದು ಸಡಿಲ ಆಗಲ್ಲ, ಬೆಂಕಿ ಕಾಯಿಸೋ ಕೆಲಸ ಇಲ್ಲ, ಚರ್ಮ ಮುಟ್ಟೋ ಅವಮಾನದ ನೆನಪೂ ಇಲ್ಲ. ಹುಡುಗರು ಅದನ್ನೇ ಕೇಳ್ತಾರೆ. ಹಳಬರು, ಅದು ತಗಡಿನ ಸದ್ದು, ಎದೆಗೆ ಬರಲ್ಲ, ಬರೀ ಕಿವಿಗೆ ಬರ್ತದೆ ಅಂತಾರೆ. ನಾನು ಎರಡೂ ಕೇಳಿದೆ. ನನ್ನ ಓಟು ಚರ್ಮಕ್ಕೆ. ಫೈಬರ್‌ನಲ್ಲಿ ಎಡಗೈ ಸಣ್ಣ ಕಡ್ಡಿಯ ಪೆಟ್ಟು ಬಲಗೈ ದಪ್ಪ ಕಡ್ಡಿಯ ಪೆಟ್ಟಿನಷ್ಟೇ ಚೂಪಾಗಿ ಕೇಳ್ತದೆ, ಎರಡಕ್ಕೂ ನಡುವೆ ಇರಬೇಕಾದ ಮಾತುಕತೆ ಹೋಗ್ತದೆ. ಆದ್ರೆ ಎಮ್ಮೆ ಚರ್ಮ ಹದ ಮಾಡೋ ಕೆಲಸಕ್ಕೆ ಮತ್ತೆ ನಮ್ಮ ಮಕ್ಕಳೇ ಕೂರಬೇಕಾ ಅಂತ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಚೆನ್ನಾಗಿ ದುಡ್ಡು ಕೊಟ್ಟು ಯಾರು ಬೇಕಾದ್ರೂ ಮಾಡೋ ಕಸುಬಾದ್ರೆ ಆಗ ನೋಡೋಣ.

ಅಪ್ಪನ ವಿಷಯ ಇನ್ನೂ ಉಳಿದೈತಿ. ಸೋಮವಾರ ಬೆಳಿಗ್ಗೆ ವಾಪಸ್ ಹೋಗೋ ಮುಂಚೆ ಅಳಿಯ ಕೇಳಿದ್ದ, "ಮಾಮಾ, ತಾತ ಹೆಂಗ ಬಾರಿಸ್ತಿದ್ದ?" ಚೆನ್ನಾಗಿ ಬಾರಿಸ್ತಿದ್ದ ಅಂದೆ. "ಚೆನ್ನಾಗಿ ಅಂದ್ರೆ?" ನನ್ನ ಹತ್ರ ಮುಂದಿನ ಮಾತಿರಲಿಲ್ಲ. ನಾನು ಸಣ್ಣೋನು, ಅಮ್ಮ ಇಲ್ಲ, ಒಂದು ಕ್ಯಾಸೆಟ್ಟೂ ಇಲ್ಲ. ಶುಲ್ಟ್ಸ್‌ನಂಗೇ.

ಅದಕ್ಕೆ ಮೊನ್ನೆ ಎರಡನೇ ಶನಿವಾರ ರಜೆ ಇತ್ತಲ್ಲ, ಊರ ಕಡೆ ಹೋಗಿ ಅಪ್ಪನ ಜೋಡಿ ಬಾರಿಸ್ತಿದ್ದ ಹಿರಿಯರನ್ನ ಹುಡುಕಿದೆ. ಒಬ್ಬರೇ ಉಳಿದಿದ್ದಾರೆ, ಕಣ್ಣು ಮಂಜು, ಕಿವಿ ಚುರುಕು. ಅಳಿಯ ಕಳಿಸಿದ್ದ ಬ್ಲೂಗ್ರಾಸ್ ವಿಡಿಯೋ ಮೊದಲು ಕೇಳಿಸಿದೆ. ಎರಡು ಸಲ ಹಾಕಿಸಿಕೊಂಡರು. "ಆ ಕಮಾನಿನವ ಅವಸರ ಮಾಡ್ತಾನ. ಕಡ್ಡಿಯವ ಕಾಯ್ತಾನ, ಅವ ಗಟ್ಟಿ" ಅಂದರು. ಅಳಿಯನ ಪಾರ್ಟಿಗೆ ಒಂದು ಓಟು ಬಿತ್ತು. ಆಮೇಲೆ ಅಪ್ಪನ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ನಿಮ್ಮಪ್ಪಂದು ಎಡಗೈ ಭಾಳ ಚಂದಿತ್ತಪ್ಪ, ಮಳಿ ಹನಿ ಬಿದ್ದಂಗ. ಬಲಗೈ ಅಷ್ಟಕ್ಕಷ್ಟೇ. ಸಿಟ್ಟು ಬಂದ್ರ ತಾಳ ಓಡಿಸಿಬಿಡ್ತಿದ್ದ. ಎಷ್ಟ್ ಸಲ ಹೇಳೀನಿ, ಕೇಳ್ತಿರಲಿಲ್ಲ."

ಅಪ್ಪ ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಅವನ ಕೈ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಇದು. ಬಸ್ಸಿನಲ್ಲಿ ಕೂತು ಅಳಿಯನಿಗೆ ಫೋನ್ ಮಾಡಿ ಅಕ್ಷರಕ್ಷರ ಒಪ್ಪಿಸಿದೆ. ಅವನು ಕೇಳಿದ ಪ್ರಶ್ನೆ: "ಓಡಿಸ್ತಿದ್ದದ್ದು ತಪ್ಪಿ ಓಡ್ತಿತ್ತಾ, ಬೇಕಂತಲೇ ಓಡಿಸ್ತಿದ್ದನಾ?"

ಮುಂದಿನ ಭಾನುವಾರ ಫೋನ್ ಸ್ಟ್ಯಾಂಡು, ಒಂದು ಮೈಕು ತಗೊಂಡು ಮತ್ತೆ ಹೋಗ್ತಿದೀವಿ. ಆ ಹಿರಿಯರು ಬಾರಿಸ್ತಾರೆ, ನಾವು ರೆಕಾರ್ಡ್ ಮಾಡ್ತೀವಿ. ಸಾವಿನ ನಡೆ, ಮದುವೆ ನಡೆ, ಜಾತ್ರೆ ನಡೆ, ಬೇರೆಬೇರೆಯಾಗಿ, ಹೆಸರು ಊರು ಸಮೇತ. ಅವರಿಗೆ ಕೊಡಬೇಕಾದ್ದು ಕೊಟ್ಟೇ ಮಾಡ್ತೀವಿ, ಅದಕ್ಕೆ ಯಾರಾದ್ರೂ ಕೈ ಜೋಡಿಸೋದಿದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಮೀಟಿಂಗ್‌ನಲ್ಲಿ ಎದ್ದು ನಿಂತ ಅಣ್ಣಾವ್ರಿಗೂ ಹೇಳೀನಿ. ಬರ್ತೀನಿ ಅಂದಿಲ್ಲ, ಬರಲ್ಲ ಅಂತಾನೂ ಅಂದಿಲ್ಲ. ಬಸ್ ಎಷ್ಟೊತ್ತಿಗೆ ಅಂತ ಕೇಳಿದರು.

ಚರ್ಮನಾ ಫೈಬರ್ರಾ ಅನ್ನೋ ಜಗಳಕ್ಕೆ ಕಾಮೆಂಟ್ ತೆರೆದೇ ಐತಿ.